ಹಳೆಯ ವೋಲ್ವೋ, ಸಾಬ್ ಕಾರುಗಳು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: 1985ರ ವೋಲ್ವೋ 240 ಒಂದು ಮಾರಾಟಕ್ಕಿದೆ. ಮೀಟರು ಮೂರು ಲಕ್ಷ ಕಿ.ಮೀ. ತೋರಿಸುತ್ತಿದೆ. ಇಷ್ಟು ಓಡಿದ ಎಂಜಿನ್ ನಂಬಬಹುದೆ?

ಉತ್ತರ: ಎಂಜಿನ್ ಕೊನೆಗಿರಲಿ, ಮೊದಲು ಬಾಡಿ ನೋಡಿ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ 240ರ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಮೂರು ಲಕ್ಷ ದೊಡ್ಡ ಲೆಕ್ಕವಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಶೇ. 10ರೊಳಗಿನ ಅಂತರವಿದ್ದರೆ ಎಂಜಿನ್ ವಿಷಯ ಅಲ್ಲಿಗೆ ಬಿಡಿ.

ತುಕ್ಕು ಹುಡುಕುವಾಗ ಮ್ಯಾಟ್ ಎತ್ತಿ ನೆಲ ಮುಟ್ಟಿ ನೋಡಿ. ಕೆಳಗಿನ ಫೆಲ್ಟ್ ಒದ್ದೆಯಾಗಿದ್ದರೆ ನೀರು ಎಲ್ಲಿಂದಲೋ ಇಳಿಯುತ್ತಿದೆ ಎಂದೇ ಅರ್ಥ. ಮುಂದಿನ ಗಾಜಿನ ಅಂಚು ಅಥವಾ ಹೀಟರಿಗೆ ಗಾಳಿ ಬರುವ ಪೆಟ್ಟಿಗೆಯ ಕಟ್ಟಿಕೊಂಡ ನೀರಿನ ಕೊಳವೆ ಸಾಮಾನ್ಯ ಕಾರಣ. ಆಮೇಲೆ ಜಾಕ್ ಇಡುವ ಜಾಗಗಳು, ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಚಕ್ರದ ಕಮಾನು, ಡಿಕ್ಕಿಯ ಎರಡು ಬದಿಯ ಗುಂಡಿಗಳು. ಎಸ್ಟೇಟ್ ಆದರೆ ಹಿಂಬಾಗಿಲ ಕೆಳ ಅಂಚನ್ನೂ ನೋಡಲೇಬೇಕು. ಒಂದು ಅಯಸ್ಕಾಂತ ಜೊತೆಗಿರಲಿ. ದಪ್ಪಗೆ ಪುಟ್ಟಿ ಬಳಿದ ಕಡೆ ಅದು ಹಿಡಿಯುವುದಿಲ್ಲ.

ನೀವು ಹೇಳಿದ ವರ್ಷಕ್ಕೆ ಇನ್ನೊಂದು ಎಚ್ಚರಿಕೆ ಬೇಕು. 1980ರಿಂದ ಸುಮಾರು 1987ರವರೆಗಿನ ಕಾರುಗಳಲ್ಲಿ ಎಂಜಿನ್ ವೈರಿಂಗಿನ ಮೇಲಿನ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಆಲ್ಟರ್ನೇಟರ್ ಬಳಿ ಮತ್ತು ಆಯಿಲ್ ಪ್ರೆಷರ್ ಸ್ವಿಚ್ ಬಳಿ ಒಂದು ತಂತಿಯನ್ನು ಮೆಲ್ಲಗೆ ಬಾಗಿಸಿ. ಹೊದಿಕೆ ಬಿರಿದು ತಾಮ್ರ ಕಂಡರೆ ಇಡೀ ಹಾರ್ನೆಸ್ (ತಂತಿಗಳ ಕಟ್ಟು) ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೇಪು ಸುತ್ತಿ ಸುಧಾರಿಸುವ ಕೆಲಸ ಇದಲ್ಲ. ಒಂದು ಕಡೆ ಸುತ್ತುವಾಗ ಇನ್ನೊಂದು ಕಡೆ ಉದುರುತ್ತದೆ, ಎಲ್ಲಿ ಶಾರ್ಟ್ ಆಯಿತು ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಪ್ರಶ್ನೆ: ನನ್ನ 240ರಲ್ಲಿ ಬಿ230 ಎಂಜಿನ್ ಇದೆ. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಸುತ್ತ ಆಯಿಲ್ ಸೋರದಂತೆ ಹಿಡಿಯುವ ರಿಂಗು) ಹೊಸದು ಹಾಕಿಸಿದೆ. ಆರು ತಿಂಗಳಲ್ಲಿ ಮತ್ತೆ ಆಯಿಲ್ ತೊಟ್ಟಿಕ್ಕುತ್ತಿದೆ. ಸೀಲ್ ಕಳಪೆಯೆ?

ಉತ್ತರ: ಸೀಲ್ ಮೇಲೆ ತಪ್ಪು ಹೊರಿಸುವ ಮೊದಲು ಎಂಜಿನ್ ಉಸಿರಾಡುತ್ತಿದೆಯೇ ನೋಡಿ. ಸಿಲಿಂಡರಿನಿಂದ ಕೆಳಗೆ ಸೋರುವ ಅನಿಲ ಕ್ರ್ಯಾಂಕ್‌ಕೇಸಿನಿಂದ ಹೊರಹೋಗಲು ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಅದು ಆಯಿಲ್ ಬೇರ್ಪಡಿಸುತ್ತದೆ. ಅಲ್ಲಿಂದ ಮೇಲೆ ಹೋಗುವ ಹೋಸ್‌ನಲ್ಲಿ ಫ್ಲೇಮ್ ಟ್ರ್ಯಾಪ್ ಎಂಬ ತೂತುಗಳ ಸಣ್ಣ ಬಿಲ್ಲೆ ಕೂತಿರುತ್ತದೆ. ಇನ್‌ಟೇಕ್‌ನಲ್ಲಿ ಬೆಂಕಿ ಹಿಂದಕ್ಕೆ ಹಾರಿದರೆ ಅದು ಕ್ರ್ಯಾಂಕ್‌ಕೇಸಿಗೆ ಇಳಿಯದಂತೆ ತಡೆಯುವುದು ಇದರ ಕೆಲಸ. ತೂತುಗಳಲ್ಲಿ ಕರಿ ಗಸಿ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ, ಆ ಒತ್ತಡ ಸೀಲುಗಳನ್ನೇ ದಾರಿ ಮಾಡಿಕೊಳ್ಳುತ್ತದೆ. ಹೊಸ ಸೀಲ್ ಹಾಕಿದರೂ ಇದೇ ಗತಿ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತೆಳು ರಬ್ಬರ್ ಕೈಗವಸನ್ನು ಬಾಯಿಗೆ ಹೊದಿಸಿ. ಒಳಕ್ಕೆ ಎಳೆದುಕೊಂಡರೆ ಸರಿಯಿದೆ. ಉಬ್ಬಿದರೆ ದಾರಿ ಕಟ್ಟಿದೆ. ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ನಿಲ್ಲುತ್ತಿದ್ದರೂ ಅದೇ ಕಾಯಿಲೆ.

ಬಿಲ್ಲೆಯೊಂದನ್ನೇ ತೊಳೆದು ಸುಮ್ಮನಾಗಬೇಡಿ. ಬಿಲ್ಲೆ, ಅದರ ಹಿಡಿ, ದಪ್ಪ ಹೋಸ್, ಮ್ಯಾನಿಫೋಲ್ಡಿಗೆ ಹೋಗುವ ತೆಳು ಹೋಸ್, ಕೆಳಗಿನ ಪೆಟ್ಟಿಗೆ, ಅದರ ಸೀಲಿಂಗ್ ರಿಂಗು ಎಲ್ಲವನ್ನೂ ಒಟ್ಟಿಗೆ ತರಿಸಿ. ಪೆಟ್ಟಿಗೆಗೆ ಎರಡೇ ಬೋಲ್ಟು, ಆದರೆ ಮ್ಯಾನಿಫೋಲ್ಡ್ ಅಡಿ ಕೈ ಹೋಗುವುದು ಕಷ್ಟ. ಉದ್ದನೆಯ ಎಕ್ಸ್‌ಟೆನ್ಷನ್ ಬೇಕು. ಹಳೆ ಪೆಟ್ಟಿಗೆ ಗಡಸಾಗಿ ಒಡೆಯುವುದುಂಟು, ಚೂರು ಬ್ಲಾಕಿನೊಳಗೆ ಬೀಳದಂತೆ ನೋಡಿಕೊಳ್ಳಿ. ತೆಳು ಹೋಸ್ ಕೂರುವ ಮ್ಯಾನಿಫೋಲ್ಡಿನ ನಳಿಗೆಯಲ್ಲಿ ಕಟ್ಟಿದ ಗಸಿಯನ್ನು ಕೈಯಲ್ಲೇ ತಿರುಗಿಸುವ ಡ್ರಿಲ್ ಬಿಟ್‌ನಿಂದ ಬಿಡಿಸಿ. ಹೆಚ್ಚಿನವರು ಬಿಡುವ ಜಾಗ ಅದೇ, ಅದು ಮುಚ್ಚಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ಆ ಮೇಲೆ ಪ್ರತಿ ಎರಡನೇ ಆಯಿಲ್ ಚೇಂಜಿಗೆ ಬಿಲ್ಲೆ ತೆಗೆದು ನೋಡಿ.

ಇಷ್ಟಾದ ಮೇಲೂ ಸೋರಿದರೆ ಗೇರ್‌ಬಾಕ್ಸ್ ಇಳಿಸಿ. ಹಳೆ ಸೀಲಿನ ತುಟಿ ಶಾಫ್ಟಿನ ಮೇಲೆ ಗೀರು ಕೊರೆದಿರಬಹುದು. ಆಗ ಹೊಸ ಸೀಲನ್ನು ಪೂರ್ತಿ ಒಳಕ್ಕೆ ಬಡಿಯದೆ ಸ್ವಲ್ಪ ಈಚೆಗೆ ಕೂರಿಸಿದರೆ ತುಟಿ ನುಣುಪಾದ ಜಾಗಕ್ಕೆ ಬರುತ್ತದೆ.

ಪ್ರಶ್ನೆ: 1967ರ ವೋಲ್ವೋ ಅಮೆಜಾನ್, ಬಿ18 ಎಂಜಿನ್. ಟ್ಯಾಪೆಟ್ ಸರಿಮಾಡಿದರೂ ಮುಂಭಾಗದಲ್ಲಿ ಕಟಕಟ ಸದ್ದು ನಿಂತಿಲ್ಲ.

ಉತ್ತರ: ಟ್ಯಾಪೆಟ್ ಅಳತೆ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು, ಸರಿಯಿತ್ತೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಒಂದು ಕಾರ್ಬುರೇಟರಿನ ಬಿ18ಎಗೆ 0.40ರಿಂದ 0.45 ಮಿ.ಮೀ., ಎರಡು ಕಾರ್ಬುರೇಟರಿನ ಬಿ18ಬಿಗೆ 0.50ರಿಂದ 0.55. ಬಿ18ಬಿಗೆ ಸಹಜವಾಗಿಯೇ ಸ್ವಲ್ಪ ಸದ್ದು ಜಾಸ್ತಿ. ಸದ್ದಡಗಿಸಲು ಬಿಗಿ ಮಾಡಿದರೆ ವಾಲ್ವ್ ಸುಡುತ್ತದೆ. ಯಾವ ವಾಲ್ವ್ ಯಾವಾಗ ಎಂಬ ಗೊಂದಲ ಇದ್ದರೆ ಒಂಬತ್ತರ ಲೆಕ್ಕ ಹಿಡಿಯಿರಿ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಎರಡೂ ಕೂಡಿದರೆ ಒಂಬತ್ತು ಬರಬೇಕು. ವಾಲ್ವ್ ತಗಲುವ ಕಡೆ ಸವೆದು ಗುಳಿ ಬಿದ್ದ ರಾಕರಿನಲ್ಲಿ ಚಪ್ಪಟೆ ಫೀಲರ್ ಗೇಜ್ ಸುಳ್ಳು ಅಳತೆ ಕೊಡುತ್ತದೆ ಎಂಬುದೂ ನೆನಪಿರಲಿ.

ಆಮೇಲೂ ಸದ್ದಿದ್ದರೆ ಅನುಮಾನ ಟೈಮಿಂಗ್ ಗೇರಿನ ಮೇಲೆ. ಈ ಎಂಜಿನ್‌ನಲ್ಲಿ ಚೈನೂ ಇಲ್ಲ, ಬೆಲ್ಟೂ ಇಲ್ಲ. ಕ್ರ್ಯಾಂಕಿನ ಉಕ್ಕಿನ ಗೇರು ಕ್ಯಾಮಿನ (ವಾಲ್ವ್‌ಗಳನ್ನು ತೆರೆಯುವ ಶಾಫ್ಟಿನ) ಫೈಬರ್ ಗೇರನ್ನು ನೇರ ತಿರುಗಿಸುತ್ತದೆ. ಸದ್ದು ಕಡಿಮೆಯಾಗಲೆಂದೇ ಫೈಬರ್. ಆದರೆ ವಯಸ್ಸಾದಂತೆ ಹಲ್ಲು ಸಡಿಲವಾಗಿ, ಒಂದು ದಿನ ಓಡುತ್ತಿರುವಾಗಲೇ ಹಲ್ಲೆಲ್ಲ ಕಿತ್ತು ಎಂಜಿನ್ ಥಟ್ಟನೆ ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕ್ ಪುಲಿಯನ್ನು ಪಾನಾದಿಂದ ಹಿಂದೆ ಮುಂದೆ ಆಡಿಸಿ. ಪುಲಿ ತಿರುಗಿದರೂ ರೋಟರ್ ತಡಮಾಡಿ ತಿರುಗಿದರೆ ಗೇರು ಸವೆದಿದೆ. ಡಿಸ್ಟ್ರಿಬ್ಯೂಟರಿನ ಸ್ವಂತ ಗೇರಿನ ಆಟವೂ ಇದರಲ್ಲಿ ಸೇರುವುದರಿಂದ ಒಂದಿಷ್ಟು ತಡ ಸಹಜ, ಆದರೆ ಕಣ್ಣಿಗೆ ಹೊಡೆಯುವಷ್ಟಿದ್ದರೆ ಕಾರು ಓಡಿಸಬೇಡಿ.

ಬದಲಿಸುವಾಗ ಜೋಡಿ ಗೇರುಗಳನ್ನೇ ಕೊಳ್ಳಿ. ಉಕ್ಕು ಅಥವಾ ಅಲ್ಯುಮಿನಿಯಂ ಗೇರು ಬಾಳಿಕೆ ಬರುತ್ತದೆ, ತುಸು ಗುಂಯ್ ಎನ್ನುತ್ತದೆ. ದಿನವೂ ಓಡಿಸುವ ಕಾರಿಗೆ ನಮ್ಮ ಆಯ್ಕೆ ಉಕ್ಕು. ರೇಡಿಯೇಟರ್, ಫ್ಯಾನ್, ಪುಲಿ, ಮುಂದಿನ ಕವರ್ ಬಿಚ್ಚಿದ ಮೇಲೆ ಹಳೆ ಗೇರನ್ನು ಪುಲ್ಲರಿನಿಂದಲೇ ಎಳೆಯಿರಿ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಲೇಬಾರದು. ಕ್ಯಾಮ್‌ಶಾಫ್ಟ್ ಹಿಂದಕ್ಕೆ ಸರಿದು ಬ್ಲಾಕಿನ ಹಿಂತುದಿಯ ಮುಚ್ಚುಬಿಲ್ಲೆಯನ್ನು ಹೊರತಳ್ಳುತ್ತದೆ, ಆಗ ಫ್ಲೈವೀಲಿನ ಹಿಂದೆ ಆಯಿಲ್ ಸುರಿಯುತ್ತದೆ. ಬೋಲ್ಟಿನಿಂದ ಎಳೆದು ಕೂರಿಸಿ, ಎರಡು ಗೇರಿನ ಚುಕ್ಕೆಗಳು ಎದುರುಬದುರು ಬಂದಿವೆಯೇ ನೋಡಿ. ಗೇರುಗಳಿಗೆ ಆಯಿಲ್ ಚಿಮ್ಮುವ ಪುಟ್ಟ ನಾಜಲ್ ಅಲ್ಲೇ ಇದೆ, ಅದರ ತೂತು ಕಟ್ಟಿದ್ದರೆ ಸ್ವಚ್ಛಮಾಡಿ. ಕವರಿನ ಸೀಲು ಹೊಸದಿರಲಿ. ಹಲ್ಲು ಈಗಾಗಲೇ ಕಿತ್ತಿದ್ದರೆ ಸಂಪ್ ಇಳಿಸಿ ಆಯಿಲ್ ಪಂಪಿನ ಜಾಲರಿ ತೊಳೆಯದೆ ಸ್ಟಾರ್ಟ್ ಮಾಡಬೇಡಿ. ಫೈಬರ್ ಚೂರುಗಳೆಲ್ಲ ಅಲ್ಲಿಗೇ ಹೋಗಿ ಸೇರಿರುತ್ತವೆ.

ಆಯಿಲ್ ಫಿಲ್ಟರ್ ಸೇರಿ 3.75 ಲೀಟರ್ ಹಿಡಿಯುತ್ತದೆ. 20ಡಬ್ಲ್ಯು-50 ಮಿನರಲ್ ಆಯಿಲ್, ಸತುವಿನ ಅಂಶ ಹೆಚ್ಚಿರುವಂಥದ್ದು ಬೇಕು. ಕ್ಯಾಮ್ ಮತ್ತು ಟ್ಯಾಪೆಟ್ ಇಲ್ಲಿ ಉಜ್ಜಿಕೊಂಡೇ ಓಡುತ್ತವೆ, ಹೊಸ ಕಾರುಗಳ ತೆಳು ಆಯಿಲ್ ಅವನ್ನು ಕಾಯುವುದಿಲ್ಲ.

ಪ್ರಶ್ನೆ: ಅದೇ ಬಗೆಯ ಕಾರು, ಎರಡು ಎಸ್‌ಯು ಕಾರ್ಬುರೇಟರ್. ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ಉತ್ತರ: ಥ್ರಾಟಲ್ ಶಾಫ್ಟ್ ಎರಡು ತುದಿಯಲ್ಲೂ ಆಡುತ್ತಿದೆಯೇ ಹಿಡಿದು ನೋಡಿ. ಅಲ್ಲಿ ಗಾಳಿ ಕದಿಯುತ್ತಿದ್ದರೆ ಬುಷ್ ಹಾಕಿಸುವವರೆಗೆ ಯಾವ ಟ್ಯೂನಿಂಗೂ ನಿಲ್ಲದು. ಆಟ ಇಲ್ಲದಿದ್ದರೆ, ಟ್ಯಾಪೆಟ್ ಮತ್ತು ಇಗ್ನಿಷನ್ ಟೈಮಿಂಗ್ ಮುಗಿಸಿ, ಬಿಸಿ ಎಂಜಿನ್‌ನಲ್ಲಿ ಎರಡು ಕಾರ್ಬುರೇಟರ್ ನಡುವಿನ ಕೊಂಡಿ ಸಡಿಲಿಸಿ. ಒಂದು ರಬ್ಬರ್ ಕೊಳವೆಯ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಇಟ್ಟು ಎರಡರ ಶಿಳ್ಳೆಯೂ ಒಂದೇ ಸಮ ಆಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಆಮೇಲೆ ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ನಷ್ಟೇ ಎತ್ತಿ. ಆರ್‌ಪಿಎಂ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಡಿಮೆ, ಕ್ಷಣ ಏರಿ ಮರಳಿದರೆ ಸರಿ. ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ಟನ್ನು ಒಮ್ಮೆಗೆ ಒಂದು ಮುಖದಷ್ಟು ಮಾತ್ರ ತಿರುಗಿಸಿ. ಕೊನೆಗೆ ಕೊಂಡಿ ಬಿಗಿ ಮಾಡುವುದು ಮರೆಯಬೇಡಿ.

ಪ್ರಶ್ನೆ: ಸಾಬ್ 900ಕ್ಕೆ ಕ್ಲಚ್ ಬದಲಿಸಬೇಕು. ಎಂಜಿನ್ ಇಳಿಸಲೇಬೇಕು ಎನ್ನುತ್ತಾರೆ ಮೆಕ್ಯಾನಿಕ್. ನಿಜವೆ?

ಉತ್ತರ: ನಿಮ್ಮದು 1978ರಲ್ಲಿ ಬಂದ ಹಳೆ ಮಾದರಿಯ 900 ಆದರೆ ನಿಜವಲ್ಲ. ಈ ಕಾರಿನ ಎಂಜಿನ್ ಹಿಂದುಮುಂದಾಗಿ ಕೂತಿದೆ, ಕ್ಲಚ್ ರೇಡಿಯೇಟರ್ ಕಡೆ, ಗೇರ್‌ಬಾಕ್ಸ್ ಎಂಜಿನ್ನಿನ ಅಡಿಯಲ್ಲಿ. ಹಾಗಾಗಿ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಅಲುಗಿಸದೆ ಬಾನೆಟ್ ಕಡೆಯಿಂದಲೇ ಕ್ಲಚ್ ತೆಗೆಯಬಹುದು. ಇಷ್ಟು ಅನುಕೂಲದ ಜೋಡಣೆ ಮಾಡಿದ ಎಂಜಿನಿಯರುಗಳನ್ನು ಮೆಚ್ಚಲೇಬೇಕು.

ಮೇಲಿನ ಕವರ್ ತೆಗೆಯಿರಿ. ಇನ್ನೊಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಮತ್ತು ಅದರ ಕವರ್ ನಡುವೆ ಸ್ಪೇಸರ್ ರಿಂಗು ತೂರಿಸಿ. ಈ ರಿಂಗಿಲ್ಲದೆ ಶುರುಮಾಡಬೇಡಿ, ಸ್ಪ್ರಿಂಗು ಸಡಿಲವಾಗದೆ ಮೂರೂ ಭಾಗ ಹೊರಬರಲು ಜಾಗ ಸಿಗುವುದು ಇದರಿಂದಲೇ. ಮುಂದಿನ ಕೇಸಿನ ಮುಚ್ಚಳ ತೆಗೆದು, ಒಳಗಿನ ಪ್ಲಾಸ್ಟಿಕ್ ತುಂಡನ್ನೂ ಬಿಡಿಸಿ, ಕ್ಲಚ್ ಶಾಫ್ಟಿನ ತುದಿಗೆ 8 ಮಿ.ಮೀ. ಬೋಲ್ಟ್ ಹಾಕಿ ಸ್ಲೈಡ್ ಪುಲ್ಲರಿನಿಂದ ಎಳೆಯಿರಿ. ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರಿನ ಮೂರು ಬೋಲ್ಟು, ಪ್ರೆಷರ್ ಪ್ಲೇಟಿನ ಆರು ಬೋಲ್ಟು ಬಿಚ್ಚಿದರೆ ಪ್ಲೇಟು, ಕವರು, ಸ್ಲೇವ್ ಸಿಲಿಂಡರ್ ಮೂರೂ ಒಟ್ಟಿಗೆ ಮೇಲೆ ಬರುತ್ತವೆ.

ಸ್ಲೇವ್ ಸಿಲಿಂಡರ್ ಚೆನ್ನಾಗಿದೆ ಎನಿಸಿದರೂ ಹೊಸದೇ ಹಾಕಿ. ಅದು ಕ್ಲಚ್ಚಿನ ಒಳಗೇ ಕೂರುವುದರಿಂದ ಆಮೇಲೆ ಸೋರಿದರೆ ಹೊಸ ಪ್ಲೇಟನ್ನೂ ನೆನೆಸಿ ಹಾಳುಮಾಡುತ್ತದೆ. ಫ್ಲೈವೀಲಿನ ಪೈಲಟ್ ಬೇರಿಂಗು, ಅದರ ಹಿಂದಿನ ಕ್ರ್ಯಾಂಕ್ ಸೀಲು ಎರಡನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ. ಕೊನೆಗೆ ಕ್ಲಚ್ಚಿನ ದ್ರವದ ಕೊಳವೆಯಿಂದ ಗಾಳಿ ತೆಗೆಯುವುದು ಹಠದ ಕೆಲಸ. ಪೆಡಲ್ ಒತ್ತಿ ಸಾಲದಿದ್ದರೆ ಆ ದ್ರವದ ಮೇಲಿನ ಡಬ್ಬಿಗೆ ಪ್ರೆಷರ್ ಬ್ಲೀಡರ್ ಕೂರಿಸಿ.

ಪ್ರಶ್ನೆ: ಸಾಬ್ 96 ವಿ4ನಲ್ಲಿ ಇಳಿಜಾರಿನಲ್ಲಿ ಕಾಲು ತೆಗೆದರೆ ಎಂಜಿನ್ ಹಿಡಿಯುವುದೇ ಇಲ್ಲ.

ಉತ್ತರ: ಕೆಟ್ಟಿಲ್ಲ, ಫ್ರೀವೀಲ್ ಕೆಲಸ ಮಾಡುತ್ತಿದೆ. ಕಾಲು ತೆಗೆದಾಗ ಚಕ್ರಗಳು ಎಂಜಿನ್ನನ್ನು ತಿರುಗಿಸದಂತೆ ಬಿಡುವ ಏರ್ಪಾಡು ಅದು. ಮೊದಲಿನ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಯೇ ಆಯಿಲ್ ಹೋಗುತ್ತಿತ್ತು. ಥ್ರಾಟಲ್ ಮುಚ್ಚಿ ಇಳಿಜಾರಿನಲ್ಲಿ ಎಂಜಿನ್ ಜೋರಾಗಿ ತಿರುಗಿದರೆ ಆಯಿಲ್ ಸಿಗದೆ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ಅದಕ್ಕೇ ಫ್ರೀವೀಲ್. 1967ರ ಮಾದರಿಯಿಂದ ಫೋರ್ಡ್‌ನ ವಿ4 ಬಂದ ಮೇಲೆ ಅದರ ಅಗತ್ಯ ಇರಲಿಲ್ಲ, ಆದರೂ ಉಳಿಸಿಕೊಂಡರು. ಉದ್ದ ಇಳಿಜಾರಿಗೆ ಮೊದಲು ಕಾರು ನಿಲ್ಲಿಸಿ ಹಿಡಿಯಿಂದ ಲಾಕ್ ಮಾಡಿ, ಇಲ್ಲದಿದ್ದರೆ ಪೂರ್ತಿ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಈ ವಿ4ನಲ್ಲೂ ಫೈಬರ್ ಟೈಮಿಂಗ್ ಗೇರು ಇದೆ. ಮೇಲೆ ಅಮೆಜಾನಿಗೆ ಹೇಳಿದ ಎಚ್ಚರಿಕೆ ನಿಮಗೂ ಸಲ್ಲುತ್ತದೆ.

ಪ್ರಶ್ನೆ: ಪ್ರದರ್ಶನಕ್ಕೆ 1966ರ ಅಮೆಜಾನ್ ಸಿದ್ಧಮಾಡುತ್ತಿದ್ದೇನೆ. ಸ್ವೀಡನ್ನಿನಲ್ಲೇ ಮೊದಲು ಮಾರಾಟವಾದ ಕಾರು. ಸ್ಟಿಯರಿಂಗ್ ಎಡಕ್ಕಿದೆ, ಹೆಡ್‌ಲೈಟಿನ ಡಿಪ್ ಕೂಡ ಎಡಕ್ಕೇ ಏರುತ್ತದೆ. ಯಾರಾದರೂ ತಪ್ಪು ಗಾಜು ಹಾಕಿದ್ದಾರೆಯೆ? ಬಣ್ಣ ಪೂರ್ತಿ ಹೊಸದಾಗಿ ಹೊಡೆಸಲೆ?

ಉತ್ತರ: ಗಾಜು ಮೂಲದ್ದೇ ಇರಬಹುದು, ಎಸೆಯಬೇಡಿ. ಸ್ವೀಡನ್ನಿನಲ್ಲಿ 1967ರ ಸೆಪ್ಟೆಂಬರ್ 3ರವರೆಗೆ ವಾಹನಗಳು ರಸ್ತೆಯ ಎಡಗಡೆ ಓಡುತ್ತಿದ್ದವು, ಕಾರುಗಳ ಸ್ಟಿಯರಿಂಗ್ ಮಾತ್ರ ಹೆಚ್ಚಾಗಿ ಎಡಕ್ಕೇ ಇರುತ್ತಿತ್ತು. ಆ ದಿನ ಬಲಕ್ಕೆ ಬದಲಾದಾಗ ಎಲ್ಲ ಕಾರುಗಳ ಹೆಡ್‌ಲೈಟೂ ಬದಲಾಗಬೇಕಾಯಿತು. ಹಳೆ ಗಾಜು ಉಳಿದಿರುವುದು ಅಪರೂಪ. ಬಲಗಡೆ ಓಡಿಸುವ ದೇಶದಲ್ಲಿದ್ದರೆ ರಸ್ತೆಗೆ ಡಿಪ್ ಬಲಕ್ಕೆ ಏರುವ ಗಾಜು ಹಾಕಿ, ಹಳೆಯದನ್ನು ಪ್ರದರ್ಶನದ ದಿನ ಪಕ್ಕದಲ್ಲಿಡಿ.

ಬಣ್ಣದ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ: ಮೂಲ ಬಣ್ಣ ತುಕ್ಕಿಲ್ಲದೆ ನಿಂತಿದ್ದರೆ ಮುಟ್ಟಬೇಡಿ. ಮಾಸಿದ ಮೂಲ ಬಣ್ಣವನ್ನು ಪಾಲಿಶ್‌ನಿಂದ ಎತ್ತಬಹುದು. ಒಮ್ಮೆ ಕೆರೆದು ತೆಗೆದದ್ದನ್ನು ಮರಳಿ ತರಲಾಗದು. ಹೊಸದಾಗಿ ಹೊಡೆಸಲೇಬೇಕಾದರೆ ಎಂಜಿನ್ ಕೋಣೆಯ ಗೋಡೆಯ ಮೇಲಿನ ತಗಡಿನಲ್ಲಿ ಬಣ್ಣದ ಮತ್ತು ಸೀಟಿನ ಬಟ್ಟೆಯ ಸಂಖ್ಯೆ ಇದೆ, ಅದಕ್ಕೇ ಹೊಂದಿಸಿ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಐತಿಹಾಸಿಕ ವಾಹನ ಎನ್ನುವುದು ಕನಿಷ್ಠ 30 ವರ್ಷ ಹಳೆಯದಾಗಿದ್ದು, ಮೂಲಸ್ಥಿತಿಗೆ ತಕ್ಕಂತೆ ಕಾಪಾಡಿದ್ದು, ದಿನಬಳಕೆಗೆ ಓಡಿಸದ್ದನ್ನು. ತೀರ್ಪುಗಾರರ ಕಣ್ಣು ಹೊಳಪಿಗಿಂತ ಸಣ್ಣಪುಟ್ಟ ಭಾಗಗಳ ಮೇಲೆ ಹೋಗುತ್ತದೆ. ಹೋಸ್ ಕ್ಲಿಪ್ಪು ಆ ಕಾಲದ್ದೇ, ಬೋಲ್ಟಿನ ತಲೆ ಪಾನಾ ಜಾರಿ ಹಾಳಾಗಿದೆಯೇ, ಬ್ಯಾಟರಿಯ ಪಟ್ಟಿ ಇದೆಯೇ ಎಂದೆಲ್ಲ ನೋಡುತ್ತಾರೆ. ಮುಂದಿನ ಸೀಟಿನ ಮೂರು ಬಿಂದುವಿನ ಬೆಲ್ಟು ಇರಲೇಬೇಕು. ವೋಲ್ವೋ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಆ ಬೆಲ್ಟು 1959ರಲ್ಲಿ ಮೊದಲು ಬಂದದ್ದೇ ಅಮೆಜಾನ್ ಮತ್ತು ಪಿವಿ544 ಕಾರುಗಳಲ್ಲಿ. ಎಂಜಿನ್ ಕೋಣೆಯನ್ನು ಪ್ರೆಷರ್ ವಾಷರಿನಿಂದ ತೊಳೆಯಬೇಡಿ. ಬ್ರಷ್ಷು, ಬಟ್ಟೆ, ಸೀಮೆಎಣ್ಣೆ ಸಾಕು, ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ.

ಪ್ರಶ್ನೆ: ನನ್ನ 240ರ ವೇಗದ ಮುಳ್ಳು ಓಡುತ್ತದೆ, ಕಿ.ಮೀ. ಅಂಕಿ ಮಾತ್ರ ನಿಂತಿದೆ.

ಉತ್ತರ: ಸ್ಪೀಡೋಮೀಟರಿನೊಳಗಿನ ಪುಟ್ಟ ಪ್ಲಾಸ್ಟಿಕ್ ಗೇರು ಒಡೆದಿದೆ. ಓಡುವಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತಂದರೆ ಇದು ಬೇಗ ಒಡೆಯುತ್ತದೆ. ಮೀಟರುಗಳ ಗುಂಪನ್ನು ಹೊರತೆಗೆದು, ಸ್ಪೀಡೋಮೀಟರ್ ಬಿಚ್ಚಿ, ಹಳೆ ಗೇರಿನ ಹಲ್ಲು ಎಣಿಸಿಕೊಂಡು ಅಷ್ಟೇ ಹಲ್ಲಿನದನ್ನು ತರಿಸಿ. ನಿಂತ ಅಂಕಿ ಮತ್ತು ದುರಸ್ತಿಯ ದಿನಾಂಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಅದೇ.