ಜೆರ್ರಿ ರೈಸ್ ಅವರನ್ನು ಅತ್ಯುತ್ತಮ ವೈಡ್ ರಿಸೀವರ್ ಅಂತ ಯಾಕೆ ಕರೆಯುತ್ತಾರೆ?

ಮುಖ್ಯ ಕಾರಣ, ಅವರು ಆಡಿದ ಕಾಲದ ಉದ್ದ. ವೈಡ್ ರಿಸೀವರ್ ಅಂದರೆ ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವವನು. ಮೈಗೆ ಪೆಟ್ಟು ಜಾಸ್ತಿ, ಹಾಗಾಗಿ ಮೂವತ್ತು ದಾಟಿದ ಮೇಲೆ ಬಹಳ ಜನ ಸೋಲುತ್ತಾರೆ. ರೈಸ್ ಮಾತ್ರ 20 ಸೀಸನ್ ಆಡಿದರು!

ಮಿಸಿಸಿಪ್ಪಿಯ ಹಳ್ಳಿ ಹುಡುಗ. ಅಪ್ಪ ಗಾರೆ ಕೆಲಸದವರು. ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದೇ ಕೈ ಪಳಗಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಓದಿದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಚಿಕ್ಕ ಕಾಲೇಜಿನಲ್ಲಿ. 1985ರ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, 16ನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ತಂಡ ಸೇರಿದರು.

1987ರಲ್ಲಿ 12 ಪಂದ್ಯಗಳಲ್ಲೇ 22 ಟಚ್‌ಡೌನ್ ಕ್ಯಾಚ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ ಕ್ಯಾಚ್. 49ರ್ಸ್ ಜೊತೆ 3 ಸೂಪರ್ ಬೌಲ್ (ಲೀಗಿನ ಫೈನಲ್ ಪಂದ್ಯ) ಗೆಲುವು. 1997ರಲ್ಲಿ ಮೊಣಕಾಲಿಗೆ ಬಲವಾದ ಪೆಟ್ಟು ಬಿತ್ತು, ಮತ್ತೆ ಎದ್ದು ಬಂದರು. ನನಗೆ ಅಚ್ಚರಿ ತಂದಿದ್ದು 2002ರ ಸೀಸನ್. ಅದರ ನಡುವೆ 40 ತುಂಬಿತು, ಆದರೂ ಓಕ್ಲೆಂಡ್ ರೈಡರ್ಸ್ ಪರ ಚೆಂಡು ಹಿಡಿದು 1,211 ಗಜ ಮುನ್ನಡೆ ಗಳಿಸಿದರು.

ಒಟ್ಟು 1,549 ಕ್ಯಾಚ್, 22,895 ಗಜ. ಗಜಗಳಲ್ಲಿ ಎರಡನೆಯವರಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ 5,000ಕ್ಕೂ ಜಾಸ್ತಿ ಹಿಂದಿದ್ದಾರೆ. ಅವರೂ ಸುಮ್ನೆ ಆಡಿದವರಲ್ಲ, 17 ಸೀಸನ್ ಆಡಿದ್ದಾರೆ!