ಬೆಂಗಳೂರಿನ ಪಾರ್ಕುಗಳನ್ನು ಪಾಲಿಕೆ ಹೇಗೆ ನಿರ್ವಹಿಸುತ್ತದೆ?

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯ ಅಧೀನದಲ್ಲಿವೆ. ಪಾಲಿಕೆಯ ತೋಟಗಾರಿಕೆ ವಿಭಾಗ ನೋಡಿಕೊಳ್ಳುವುದು ಮುಖ್ಯವಾಗಿ ಬಡಾವಣೆಗಳ ಉದ್ಯಾನಗಳನ್ನು. ಹುಲ್ಲು ಕತ್ತರಿಸುವುದು, ಕಳೆ ಕೀಳುವುದು, ಪಾತಿ ಮಾಡಿ ಗೊಬ್ಬರ ಹಾಕುವುದು, ನಡಿಗೆ ಪಥ ಗುಡಿಸುವುದು, ಹೊತ್ತಿಗೆ ಸರಿಯಾಗಿ ಗೇಟು ತೆರೆದು ಮುಚ್ಚುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಸಾಮಾನ್ಯವಾಗಿ ಟೆಂಡರ್ ಮೂಲಕ ಗುತ್ತಿಗೆದಾರರಿಗೆ ವಹಿಸುವುದರಿಂದ, ಪಾರ್ಕಿನ ಅಂದ ಬಹುಮಟ್ಟಿಗೆ ಆ ಗುತ್ತಿಗೆಯ ಮೇಲ್ವಿಚಾರಣೆಯನ್ನೇ ಅವಲಂಬಿಸಿದೆ. ನಿಜವಾದ ಕಷ್ಟ ನೀರಿನದು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಗಿಡಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ ಮೇಲೆ, ಕೊಳವೆಬಾವಿ ಬತ್ತಿದ ಕಡೆ ಸಂಸ್ಕರಿಸಿದ ಕೊಳಚೆ ನೀರೇ ಗತಿಯಾಯಿತು. ಅಂದಹಾಗೆ, ಒಣಗಿದ ಕೊಂಬೆ ಬೀಳುವಂತಿದ್ದರೆ ದೂರು ಕೊಡಬೇಕಾದುದು ಪಾಲಿಕೆಯ ಅರಣ್ಯ ವಿಭಾಗಕ್ಕೆ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು.