ಚಪಾತಿ ಬಿಟ್ಟರೂ ಗೋಧಿ ಬಿಡಲಿಲ್ಲ

ಈ ಸಲ ಬಂದ ಕಾಗದಗಳಲ್ಲಿ ಸೀಲಿಯಾಕ್ ಬಗ್ಗೆ ಕೇಳಿದವರೇ ಜಾಸ್ತಿ. ನಮ್ಮ ಕಡೆಯವರು ಬರೆದದ್ದನ್ನೇ ಆರಿಸಿಕೊಂಡಿದ್ದೇನೆ. ಈ ಭಾಗದ ಅಡುಗೆಮನೆ ನನಗೆ ಚೆನ್ನಾಗಿ ಗೊತ್ತು ಅನ್ನೋದೇ ಕಾರಣ. ಹೊಸಬರಿಗೆ ಎರಡು ಮಾತು: ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟನ್ ಇರುತ್ತದೆ. ಕಣಕಕ್ಕೆ ಜಿಗಿ ಕೊಡೋದು ಅದೇ. ಸೀಲಿಯಾಕ್ ಇದ್ದವರು ಅದನ್ನು ತಿಂದರೆ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ತಿರುಗಿಬೀಳುತ್ತದೆ. ಕರುಳಿನ ಒಳಪದರ ಸವೆಯುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಗ್ಲುಟನ್ ಪೂರ್ತಿ ಬಿಡೋದೇ ಚಿಕಿತ್ಸೆ. ನಾನು ಆಹಾರ ಸಲಹೆಗಾರ್ತಿ, ಡಾಕ್ಟರಲ್ಲ. ನನಗೂ ಇದೇ ಕಾಯಿಲೆ ಇದೆ, ಬಳ್ಳಾರಿಯಲ್ಲಿ ಇದರ ಜೊತೆಗೇ ಸಂಸಾರ ಮಾಡುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಎಂಟು ವರ್ಷ. ಭೇದಿ, ಹೊಟ್ಟೆ ಉಬ್ಬರ, ರಕ್ತ ಕಡಿಮೆ. ಕೊನೆಗೆ ಸೀಲಿಯಾಕ್ ಅಂದರು. ಒಂದು ವರ್ಷದಿಂದ ಅವಳಿಗೆ ಚಪಾತಿ, ಪೂರಿ, ಬಿಸ್ಕಿಟ್ ಕೊಟ್ಟಿಲ್ಲ. ಜೋಳದ ರೊಟ್ಟಿ, ಅನ್ನ ಅಷ್ಟೇ. ಆದರೂ ಟಿಟಿಜಿ (ಸೀಲಿಯಾಕ್ ಗುರುತಿಸೋ ರಕ್ತ ಪರೀಕ್ಷೆ) ರಿಪೋರ್ಟ್ ಇಳಿದಿಲ್ಲ. ಕದ್ದು ತಿಂತಾಳೆ ಅಂತ ಮನೆಯವರೆಲ್ಲ ಮಗುವನ್ನೇ ಬೈತಾರೆ.
ಗೃಹಿಣಿ, ಸಿಂಧನೂರು

ಉತ್ತರ: ತಂಗಿ, ಮೊದಲು ಆ ಬೈಯೋದನ್ನು ನಿಲ್ಲಿಸಿ. ಮಗು ಕದ್ದು ತಿನ್ನದೆ ಇದ್ದರೂ ಗೋಧಿ ಹೊಟ್ಟೆಗೆ ಹೋಗಬಹುದು. ನಿಮ್ಮ ಜೋಳ ಎಲ್ಲಿ ಬೀಸಿಸುತ್ತೀರಿ?

ಒಮ್ಮೆ ಗಿರಣಿಗೆ ಹೋದಾಗ ಡಬ್ಬಿ ಇಟ್ಟು ಮಾತಾಡುತ್ತಾ ಕೂರಬೇಡಿ, ಹಿಟ್ಟು ಬೀಳುವ ಜಾಗವನ್ನು ನೋಡಿ. ಅಲ್ಲಿ ಒಂದು ಬಟ್ಟೆ ಕಟ್ಟಿರುತ್ತಾರೆ. ನಿಮಗಿಂತ ಮುಂಚೆ ಯಾರೋ ಐದು ಸೇರು ಗೋಧಿ ಬೀಸಿಸಿರುತ್ತಾರೆ. ಗಿರಣಿಯವ ಆ ಬಟ್ಟೆಗೆ ಎರಡು ಸಲ ಬಡಿದು, ನಿಮ್ಮ ಜೋಳ ಸುರಿಯುತ್ತಾನೆ. ಮೊದಲು ಉದುರೋ ಹಿಟ್ಟು ಯಾರದ್ದು? ಬಟ್ಟೆಯ ಮಡಿಕೆಯಲ್ಲಿ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟೇ ಅದು. ನಮಗೆ ನಿಮಗೆ ಅದು ಲೆಕ್ಕಕ್ಕೇ ಬರೋದಿಲ್ಲ ಅನ್ನಿಸುತ್ತೆ. ಆದರೆ ಲೆಕ್ಕ ಹೀಗಿದೆ: ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಸೀಲಿಯಾಕ್ ಇದ್ದವರ ಕರುಳಿಗೆ ಪೆಟ್ಟು ಬೀಳುತ್ತದೆ ಅಂತ ಸಂಶೋಧನೆಯಲ್ಲಿ ಕಂಡಿದೆ. ಅಷ್ಟು ಗ್ಲುಟನ್‌ಗೆ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ ಗೋಧಿ ಹಿಟ್ಟು ಸಾಕು. ಒಂದು ಚಿಟಿಕೆ ಅಂದುಕೊಳ್ಳಿ.

ಹಾಗಾಗಿ ಗೋಧಿಗೇ ಬೇರೆ ಕಲ್ಲು ಇಟ್ಟಿರೋ ಗಿರಣಿ ಹುಡುಕಿ, ಕೆಲವು ಕಡೆ ಇರುತ್ತದೆ. ಇಲ್ಲದಿದ್ದರೆ ಮನೆಯಲ್ಲಿಡೋ ಸಣ್ಣ ಗಿರಣಿ ತಗೊಳ್ಳಿ. ದುಬಾರಿ ಅನ್ನಿಸಿದರೆ ಅಕ್ಕತಂಗಿಯರ ಮನೆಯವರು ಸೇರಿ ಕೊಳ್ಳಿ, ಅದರಲ್ಲಿ ಗೋಧಿ ಮಾತ್ರ ಯಾರೂ ಹಾಕಬಾರದು. ಇದೂ ಆಗದಿದ್ದರೆ ಬೆಳಿಗ್ಗೆ ಗಿರಣಿ ತೆರೆದ ಕೂಡಲೇ, ಬಟ್ಟೆ ಬದಲಿಸಿ, ಮೊದಲ ಎರಡು ಸೇರು ಹಿಟ್ಟನ್ನು ಎಮ್ಮೆಗೆ ಅಂತ ತೆಗೆದಿಟ್ಟು, ಆಮೇಲಿನದ್ದು ಮಗುವಿಗೆ. ಇದು ಪೂರ್ತಿ ಭರವಸೆಯ ದಾರಿಯಲ್ಲ, ಇದ್ದುದರಲ್ಲಿ ವಾಸಿ ಅಷ್ಟೇ.

ಎರಡನೇ ಅನುಮಾನ ಇಂಗು. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಬಹಳಷ್ಟು ಡಬ್ಬಿಗಳಲ್ಲಿ ಅಂಟಿನ ಜೊತೆ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಸಾರಿಗೆ ಚಿಟಿಕೆ, ಉಪ್ಪಿನಕಾಯಿಗೆ ಚಿಟಿಕೆ, ಒಗ್ಗರಣೆಗೆ ಚಿಟಿಕೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ. ನಮ್ಮ ಕಡೆ ಬೆಳ್ಳುಳ್ಳಿ ಬೇಡ ಅನ್ನೋರು ಎಷ್ಟು ಜನ?

ಆಮೇಲೆ ಹಂಚು. ಉಳಿದವರಿಗೆ ಚಪಾತಿ ಬೇಯಿಸಿದ ಹಂಚಿನ ಮೇಲೇ ಅವಳ ರೊಟ್ಟಿ ಹಾಕುತ್ತಿದ್ದೀರಾ? ಅವಳಿಗೆ ಬೇರೆ ಹಂಚು, ಬೇರೆ ರೊಟ್ಟಿ ಬುಟ್ಟಿ ಇಡಿ. ಸ್ಟೀಲ್ ತಟ್ಟೆ ಲೋಟ ತೊಳೆದರೆ ಸಾಕು, ಬೇರೆ ಬೇಕಿಲ್ಲ. ಕೊಂಡು ತರುವ ಕಡಕ್ ರೊಟ್ಟಿ ಕೊಡಬೇಡಿ. ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ಅದಕ್ಕೇ ನಾವು ಎಸರು ಹಾಕಿ ನಾದಿ ಕೈಯಲ್ಲಿ ಬಡಿಯೋದು. ರೊಟ್ಟಿ ಒಡೆಯಬಾರದು ಅಂತ ಕೆಲವರು ಒಂದು ಹಿಡಿ ಗೋಧಿ ಹಿಟ್ಟು ಸೇರಿಸುತ್ತಾರೆ. ಕುರುಡಿಗೆ, ಶಾವಿಗೆ ಎರಡೂ ನಮ್ಮ ಕಡೆ ಹೆಚ್ಚಾಗಿ ಗೋಧಿಯವೇ. ಅಂಗಡಿಯ ರಾಗಿ ಮಾಲ್ಟ್‌ನಲ್ಲೂ ಗೋಧಿ, ಬಾರ್ಲಿ ಇರಬಹುದು. ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿದ ರಾಗಿ ಹಿಟ್ಟು ಕೊಡಿ. ಶಾಲೆಯಲ್ಲಿ ಕೊಡೋ ಮೊಟ್ಟೆ, ಬಾಳೆಹಣ್ಣು ಪರವಾಗಿಲ್ಲ. ಉಪ್ಪಿಟ್ಟಿನ ದಿನ ಮಾತ್ರ ಮನೆಯಿಂದ ಡಬ್ಬಿ ಹೋಗಲಿ. ರವೆಯೂ ಗೋಧಿಯೇ ಅಂತ ಟೀಚರಿಗೆ ನೀವೇ ಹೋಗಿ ಹೇಳಿ.

ಇಷ್ಟು ಸರಿಮಾಡಿದ ಮೇಲೂ ಟಿಟಿಜಿ ಇಳಿಯದಿದ್ದರೆ ಡಾಕ್ಟರನ್ನು ನೋಡಲೇಬೇಕು. ಇನ್ನೊಂದು ಮಾತು. ಇದು ವಂಶದಲ್ಲಿ ಹರಿಯುವ ಕಾಯಿಲೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರಬಹುದು. ನೀವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಮೊಮ್ಮಗನಿಗೆ ಹದಿಮೂರು ವರ್ಷ. ಹೋಳಿಗೆ ಅಂದರೆ ಪ್ರಾಣ. ಸೊಸೆ ಹಬ್ಬದಲ್ಲೂ ಕೊಡೋದಿಲ್ಲ. ಗವಿಮಠದ ಜಾತ್ರೆಯಲ್ಲಿ ಮಾದಲಿ ಪ್ರಸಾದಕ್ಕೂ ಬೇಡ ಅಂದಳು. ನಮ್ಮ ಕಾಲದಲ್ಲಿ ಈ ರೋಗವೇ ಇರಲಿಲ್ಲ. ಒಂದು ತುಣುಕಿಗೆ ಏನಾಗುತ್ತೆ?
ಒಬ್ಬ ಅಜ್ಜಿ, ಕೊಪ್ಪಳ

ಉತ್ತರ: ಅವ್ವಾ, ಸೊಸೆ ಮಾಡಿದ್ದೇ ಸರಿ. ಬೇಜಾರಾಗಬೇಡಿ. ತಿಂದ ಕೂಡಲೇ ಹೊಟ್ಟೆ ನೋಯದೇ ಇರಬಹುದು, ಅದಕ್ಕೇ ಎಲ್ಲರೂ ಮೋಸ ಹೋಗೋದು. ಒಂದು ಚಪಾತಿಯಲ್ಲಿ, ಮೇಲೆ ಹೇಳಿದ ಆ 50 ಮಿಲಿಗ್ರಾಂನ ನಲವತ್ತು ಐವತ್ತು ಪಟ್ಟು ಗ್ಲುಟನ್ ಇರುತ್ತದೆ. ಹೋಳಿಗೆಯ ತುಣುಕು ಚಿಕ್ಕದು ಅನ್ನಿಸಿದರೂ ಕರುಳಿಗೆ ಚಿಕ್ಕದಲ್ಲ. ಬೆಳೆಯೋ ಹುಡುಗ ಬೇರೆ.

ರೋಗ ಹೊಸದಲ್ಲ. ಹಾಲೆಂಡಿನಲ್ಲಿ ವಿಲೆಮ್ ಡಿಕೆ ಅನ್ನೋ ಮಕ್ಕಳ ಡಾಕ್ಟರು ಗೋಧಿ ಮೇಲೆ ಮೊದಲೇ ಅನುಮಾನ ಪಟ್ಟಿದ್ದರು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬರ ಬಿದ್ದು ಬ್ರೆಡ್ಡೇ ಸಿಗದಾಯಿತು. ಊರಿಗೆಲ್ಲ ಹಸಿವು, ಆದರೆ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದ ಮೇಲೆ ಪುನಃ ಹಾಸಿಗೆ ಹಿಡಿದರು. ಇನ್ನು ನಿಮ್ಮ ಕಾಲ. ಆಗ ನಮ್ಮ ಮನೆಗಳಲ್ಲಿ ಗೋಧಿ ಹಬ್ಬಕ್ಕೆ ಬಂದು ಹೋಗುವ ನೆಂಟ. ಈಗ ಬೆಳಗಿನ ಬಿಸ್ಕಿಟ್ಟಿಂದ ರಾತ್ರಿಯ ಚಪಾತಿವರೆಗೆ ಮನೆಯಲ್ಲೇ ಬೀಡುಬಿಟ್ಟಿದೆ. ಆಗ ಇದ್ದವರಿಗೂ ಗೊತ್ತಾಗುತ್ತಿರಲಿಲ್ಲ, ಈಗ ಪರೀಕ್ಷೆಯೂ ಇದೆ.

ಹೋಳಿಗೆಯಲ್ಲಿ ತಪ್ಪೆಲ್ಲ ಕಣಕದ್ದು. ಹೂರಣ ಬರೀ ಕಡಲೆಬೇಳೆ, ಬೆಲ್ಲ. ಹೂರಣ ರುಬ್ಬಿದ ಕೂಡಲೇ, ಕಣಕಕ್ಕೆ ಕೈ ಹಾಕೋ ಮುಂಚೆಯೇ, ಅವನ ಪಾಲು ತೆಗೆದಿಡಿ. ಅಕ್ಕಿ ಹಿಟ್ಟನ್ನು ಕುದಿಯೋ ನೀರಿನಲ್ಲಿ ತೊಳಸಿ, ಬಿಸಿ ಇರುವಾಗಲೇ ನಾದಿ, ಹೂರಣ ತುಂಬಿ ಕಡುಬು ಮಾಡಿ ಆವಿಯಲ್ಲಿ ಬೇಯಿಸಿ. ಮೇಲೆ ತುಪ್ಪ ಧಾರಾಳವಾಗಿರಲಿ. ಗೋಧಿ ಹುಗ್ಗಿ ಬದಲು ನವಣೆ ಹುಗ್ಗಿ. ಮಾದಲಿಯನ್ನೂ ಮನೆಯಲ್ಲಿ ಸಜ್ಜೆ ರೊಟ್ಟಿಯಿಂದ ಮಾಡಬಹುದು. ಬಿಸಿ ರೊಟ್ಟಿ ಪುಡಿ ಮಾಡಿ ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ. ನನಗಂತೂ ಗೋಧಿ ಮಾದಲಿಗಿಂತ ಇದೇ ರುಚಿ.

ಜಾತ್ರೆಗೆ ಖಂಡಿತ ಕರೆದುಕೊಂಡು ಹೋಗಿ. ದಾಸೋಹದ ರೊಟ್ಟಿ ಊರೂರಿಂದ ಬರುತ್ತೆ, ಯಾವ ಗಿರಣಿಯ ಹಿಟ್ಟೋ ಯಾರಿಗೆ ಗೊತ್ತು. ಅವನ ಬುತ್ತಿ ಮನೆಯಿಂದ ಕಟ್ಟಿ, ಎಲ್ಲರ ಸಾಲಿನಲ್ಲೇ ಕೂರಿಸಿ ಉಣ್ಣಿಸಿ. ಗವಿಸಿದ್ಧಪ್ಪಜ್ಜ ಸಿಟ್ಟಾಗೋದಿಲ್ಲ.

ಪ್ರಶ್ನೆ: ಮೇಡಂ, ಗ್ಯಾಸ್, ಸುಸ್ತು ಅಂತ ಒಂದು ವಿಡಿಯೋ ನೋಡಿ ಎರಡು ತಿಂಗಳಿಂದ ಗೋಧಿ ಬಿಟ್ಟಿದ್ದೇನೆ. ಈಗ ಹಗುರ ಅನ್ನಿಸುತ್ತಿದೆ. ಇನ್ನು ಪರೀಕ್ಷೆ ಮಾಡಿಸಲೇ?
ಬ್ಯಾಂಕ್ ಉದ್ಯೋಗಿ, ರಾಯಚೂರು

ಉತ್ತರ: ಈಗ ಮಾಡಿಸಿದರೆ ರಿಪೋರ್ಟ್ ಸುಳ್ಳು ಹೇಳುವ ಸಾಧ್ಯತೆ ಇದೆ ಸರ್. ಗೋಧಿ ನಿಂತರೆ ರಕ್ತದಲ್ಲಿ ಗುರುತು ಇಳಿಯುತ್ತದೆ, ಕರುಳೂ ವಾಸಿಯಾಗುತ್ತಾ ಬರುತ್ತದೆ. ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದು ಆಮೇಲೆ ಪರೀಕ್ಷೆಗೆ ಬನ್ನಿ ಅಂತಾರೆ. ಮೊದಲು ಟಿಟಿಜಿ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಸುಮ್ನೆ ಅಂದಾಜಿನ ಮೇಲೆ ಜೀವನಪೂರ್ತಿ ಪಥ್ಯ ಯಾಕೆ?

ಪ್ರಶ್ನೆ: ಬಳ್ಳಾರಿಯಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಬಹುದಾ ಆಂಟಿ?
ವಿದ್ಯಾರ್ಥಿ

ಉತ್ತರ: ಮಂಡಕ್ಕಿ ಅಕ್ಕಿಯದು, ಪುಟಾಣಿ ಹಿಟ್ಟಲ್ಲೂ ಗೋಧಿ ಇಲ್ಲ. ಮೇಲೆ ಹೇಳಿದ ಇಂಗು, ಗಿರಣಿಯ ವಿಷಯ ಮಾತ್ರ ವಿಚಾರಿಸಿ ತಿನ್ನು ತಮ್ಮಾ. ಮಿರ್ಚಿ ಕಡಲೆ ಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿ, ಮೈದಾ ಬೋಂಡ ಕರಿದಿರುತ್ತಾರೆ. ಬಾಣಲೆ ಮುಂದೆ ಐದು ನಿಮಿಷ ನಿಂತು ನೋಡು, ಉತ್ತರ ಸಿಗುತ್ತದೆ. ಗೋಬಿ ಮಂಚೂರಿಗೆ ಮೈದಾ, ಸೋಯಾ ಸಾಸ್‌ಗೂ ಗೋಧಿ, ಎರಡೂ ಬೇಡ. ಇಡ್ಲಿ ಆಗಬಹುದು, ರವಾ ಇಡ್ಲಿ ಅಲ್ಲ. ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಬಿಯರ್ ಮಾಡೋದು ಬಾರ್ಲಿಯಿಂದ. ಪ್ಯಾಕೆಟ್ ಮೇಲೆ ಗ್ಲುಟನ್ ಫ್ರೀ ಅಂತ ಬರೆಯಬೇಕಾದರೆ ನಮ್ಮಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅನ್ನೋ ನಿಯಮ ಇದೆ. ಆದರೆ ಆ ಬೆಲೆಯ ಬಿಸ್ಕಿಟ್‌ಗೆ ಪಾಕೆಟ್ ಮನಿ ಸುರಿಯಬೇಡ. ಶೇಂಗಾ ಉಂಡಿ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಮನೆಯಿಂದ ತರಿಸಿಕೋ. ರೊಟ್ಟಿ ಕೆಡೋದಿಲ್ಲ.

ಪ್ರಶ್ನೆ: ಜವೆ ಗೋಧಿ ಹಳೇ ತಳಿ, ಅದು ಸೀಲಿಯಾಕ್‌ನವರಿಗೆ ಆಗುತ್ತದೆ ಅಂತ ಅಂಗಡಿಯವರು ಹೇಳಿದರು. ನಿಜವೇ?
ಗಂಗಾವತಿ

ಉತ್ತರ: ಆಗೋದಿಲ್ಲ. ಹಳೇ ತಳಿಯಾದರೂ ಅದು ಗೋಧಿಯೇ, ಗ್ಲುಟನ್ ಇದ್ದೇ ಇದೆ. ಭತ್ತದ ಕಣಜದಲ್ಲಿ ಕೂತು ಇಷ್ಟು ದುಡ್ಡು ಕೊಟ್ಟು ಗೋಧಿ ಯಾಕೆ ಹುಡುಕುತ್ತೀರಿ? ಅಕ್ಕಿ ಬೇಸರವಾದರೆ ನವಣೆ ತನ್ನಿ. ಬಿಡಿಯಾಗಿ ತಂದ ನವಣೆಯನ್ನು ಮೊರದಲ್ಲಿ ಹರಡಿ, ನಡುವೆ ಸಿಕ್ಕ ಗೋಧಿ ಕಾಳು ಆರಿಸಿ ತೆಗೆದು, ಎರಡು ಮೂರು ನೀರಿನಲ್ಲಿ ತೊಳೆದು ಒಲೆಗಿಡಿ.